ವಿದ್ಯಾರ್ಥಿಗಳೂ ಆಪತ್ಕಾಲದ ಉಪಚಾರವೂ

ದೂರವೆಂದರೇನೆಂಬದನ್ನು ನಮ್ಮ ಸೀಮೆಯ ಗೃಹಸ್ಥರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಿಜಯಪುರದಿಂದ ಬಸವನ ಬಾಗೇವಾಡಿಗೆ ಸುಮಾರು ೪೫ ಕಿಲೋಮೀಟರು, ಇಂಡಿಗೆ ೫೫, ಸಿಂದಗಿಗೆ ೬೦, ಮುದ್ದೇಬಿಹಾಳಕ್ಕೆ ೮೦. ಇದು ಡಾಂಬರು ರಸ್ತೆಯ ಲೆಕ್ಕವಾಯಿತು. ಅಲ್ಲಿಂದ ಹಳ್ಳಿಗೆ, ಹಳ್ಳಿಯಿಂದ ಹೊಲದೊಳಗಿನ ವಸ್ತಿಗೆ ಹೋಗುವ ಎರೆಮಣ್ಣಿನ ದಾರಿಯ ಲೆಕ್ಕವು ಬೇರೆ. ಮಳೆಗಾಲದಲ್ಲಿ ಆ ದಾರಿಯ ಒಂದು ಹರಿದಾರಿಯು ಡಾಂಬರಿನ ಹತ್ತು ಹರಿದಾರಿಗೆ ಸಮನಾಗಿರುವದು. ೨೦೧೮ರ ಸುಮಾರಿಗೆ ಸರಕಾರವು ಈ ನಾಲ್ಕು ತಾಲೂಕುಗಳನ್ನು ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳನ್ನು ಮಾಡಿತು. ಅದರಿಂದ ತಹಸೀಲ್ದಾರರ ಕಚೇರಿಯು ಜನರಿಗೆ ಸಮೀಪವಾಯಿತು. ಆದರೆ ತಲೆ ಒಡೆದವನನ್ನು, ವಿಷ ಕುಡಿದವಳನ್ನು, ಎದೆ ಹಿಡಿದುಕೊಂಡು ಕುಸಿದವನನ್ನು ಕಟ್ಟಕಡೆಗೆ ಒಯ್ಯಬೇಕಾದದ್ದು ಬಹುಶಃ ವಿಜಯಪುರಕ್ಕೇ. ೧೯೮೪ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು, ೧೯೮೬ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಅಲ್ಲಿ ಆರಂಭವಾದ ಮೇಲೆ ಸೊಲ್ಲಾಪುರಕ್ಕೂ ಮಿರಜಕ್ಕೂ ಓಡುವದು ಬಹಳಮಟ್ಟಿಗೆ ತಪ್ಪಿತೆಂಬದೇ ನಮ್ಮ ಹಿರಿಯರು ಕಾಣದ ಸೌಕರ್ಯವು.

ಇಂಥ ಸೀಮೆಯಲ್ಲಿ ಕುಳಿತು ನಾವು ಈ ತಿಂಗಳು ಬರೆಯಹೊರಟಿರುವದು, ಕಾಲೇಜಿನ ವಿದ್ಯಾರ್ಥಿಗಳು ತಾವೇ ಕೂಡಿಕೊಂಡು ನಡೆಸುವ ಆಪತ್ಕಾಲದ ಉಪಚಾರದ ವಿಷಯವನ್ನು. "ಹುಡುಗರ ಕೈಯಲ್ಲಿ ಪ್ರಾಣವನ್ನು ಕೊಡುವದೇ?" ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿಯೂ ಮೊದಲು ಹುಬ್ಬುಗಳು ಏರಿದವು. ಆ ಸಂಗತಿಯನ್ನು ಮುಂದೆ ಹೇಳುವೆವು. ಮೊದಲು ಈ ಕೆಲಸವು ಎಲ್ಲಿ ಚೆನ್ನಾಗಿ ನಡೆದಿರುವದೋ ಅಲ್ಲಿಯ ಮಾತು ಆಗಲಿ.

ನಮ್ಮ ತಮ್ಮನ ಮಗನು ಅಮೇರಿಕೆಯಲ್ಲಿ ನೆಲೆಸಿರುವನು. ಅವನ ಮಗನು ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಊರಿಗೆ ಬಂದಿದ್ದನು. ಒಂದು ಸಾಯಂಕಾಲ ಕಟ್ಟೆಯ ಮೇಲೆ ಕುಳಿತಾಗ ಅವನು ಆಡಿದ ಮಾತು ನಮಗೆ ಮೊದಲು ನಂಬಿಕೆಯಾಗಲಿಲ್ಲ. ವಾರದಲ್ಲಿ ಎರಡು ರಾತ್ರಿ ಅವನು ಬೂಟು ಕಾಲಲ್ಲಿಟ್ಟುಕೊಂಡೇ ಮಲಗುವನಂತೆ. ವಿಶ್ವವಿದ್ಯಾಲಯದ ಆವರಣದಲ್ಲಿ ಯಾರಿಗಾದರೂ ಜೀವಕ್ಕೆ ತೊಂದರೆಯಾಯಿತೆಂದು ಕರೆ ಬಂದರೆ, ಅವನೂ ಅವನಂಥ ಇನ್ನಿಬ್ಬರು ವಿದ್ಯಾರ್ಥಿಗಳೂ ಚೀಲವನ್ನು ಹೆಗಲಿಗೇರಿಸಿ ಕೆಲವೇ ನಿಮಿಷಗಳಲ್ಲಿ ಅಲ್ಲಿ ನಿಲ್ಲುವರಂತೆ. "ನೀನು ಡಾಕ್ಟರಕಿ ಓದ್ತೀಯೇನು?" ಎಂದು ನಾವು ಕೇಳಿದೆವು. "ಇಲ್ಲ ದೊಡ್ಡಜ್ಜಾ, ನಾವ್ಯಾರೂ ಡಾಕ್ಟರ್ ಅಲ್ಲ. ಡಾಕ್ಟರ್ ಬರೂತನಕ ಅಥವಾ ಅವರ ಹತ್ತಿರ ಮುಟ್ಟೂತನಕ ಜೀವ ಹಿಡಿದಿಡೂದು ಅಷ್ಟ ನಮ್ಮ ಕೆಲಸ" ಎಂದನು. ಹೆಚ್ಚಿನ ಕರೆಗಳು ಕಾಲು ಉಳುಕಿಸಿಕೊಂಡವರವು, ಮಿತಿಮೀರಿ ಕುಡಿದು ಬಿದ್ದವರವು. ಒಮ್ಮೆ ಮಾತ್ರ ಮುದಿ ಪ್ರಾಧ್ಯಾಪಕರೊಬ್ಬರ ಎದೆಯು ನಿಂತುಹೋಗಿತ್ತು. ಅದನ್ನು ಹೇಳುವಾಗ ಹುಡುಗನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡದ್ದು ನಮಗೆ ಇನ್ನೂ ನೆನಪಿರುವದು.

ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ೧೯೮೨ರಲ್ಲಿ ಕಟ್ಟಿದ ಪಥಕವು ಇಂಥವುಗಳಲ್ಲಿ ಹೆಸರುವಾಸಿಯಾದದ್ದು. ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ 'ಜರ್ಮ್ಸ್', ಅಂದರೆ ರೋಗಾಣುಗಳು, ಎಂದಾಗುವದು! ರೋಗಿಯ ಸೇವೆಗೆ ನಿಂತ ಹುಡುಗರು ತಮಗೆ ತಾವೇ ಇಂಥ ಹೆಸರನ್ನಿಟ್ಟುಕೊಂಡು ನಗುವದನ್ನು ಕಂಡರೆ ಅವರ ವಯಸ್ಸು ತಿಳಿಯುವದು. ಹೆಸರು ವಿನೋದದ್ದಾದರೂ ಕೆಲಸವು ವಿನೋದದ್ದಲ್ಲ. ತಮ್ಮದೇ ಆಂಬ್ಯುಲನ್ಸ್ ಗಾಡಿ, ತಮ್ಮದೇ ಪಾಳಿ, ತಮ್ಮದೇ ಮುಖಂಡರು. ಸೇವೆ ಮಾಡುವವರಿಗೆ ಸಂಬಳವಿಲ್ಲ, ಸೇವೆ ಪಡೆದವರಿಗೆ ಖರ್ಚಿಲ್ಲ. ಇಂಥ ಪಥಕಗಳೆಲ್ಲ ಕೂಡಿ ೧೯೯೩ರಲ್ಲಿ ತಮ್ಮದೊಂದು ರಾಷ್ಟ್ರೀಯ ಸಂಸ್ಥೆಯನ್ನೂ ಮಾಡಿಕೊಂಡವು. ಆ ದೇಶದಲ್ಲಿ ಈಗ ಇನ್ನೂರಕ್ಕೂ ಮಿಕ್ಕಿದ ಕಾಲೇಜು ವಿಶ್ವವಿದ್ಯಾಲಯಗಳಲ್ಲಿ ಇಂಥ ಪಥಕಗಳಿರುವವು. ಕೆಲವದರ ಹತ್ತಿರ ಗಾಡಿಯಿರುವದು, ಕೆಲವದರ ಹತ್ತಿರ ಸೈಕಲ್ಲು, ಕೆಲವದರ ಹತ್ತಿರ ಬರಿಯ ಚೀಲ. ಆದರೆ ಗಾಡಿಯೊಡನೆ ಹೋಗುವ ವಿದ್ಯಾರ್ಥಿಯು ಸುಮಾರು ೧೫೦ ತಾಸುಗಳಷ್ಟು ಶಿಕ್ಷಣವನ್ನು ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪಥಕದ ಮೇಲೆ ಒಬ್ಬ ವೈದ್ಯರ ಕಣ್ಣಿರಬೇಕು. ಉತ್ಸಾಹವೊಂದೇ ಸಾಕೆಂದು ಅವರು ಬಗೆದಿಲ್ಲ.

ಆ ದೇಶದಲ್ಲಿ ಸ್ವಯಂಸೇವಕರ ಈ ಪದ್ಧತಿಯ ಮೂಲದಲ್ಲಿ ಇರುವದು ಒಬ್ಬ ಬಾಲಕನ ದುಃಖವು. ೧೯೦೯ರಲ್ಲಿ ವರ್ಜೀನಿಯಾ ಪ್ರಾಂತದ ರೋನೋಕ್ ನದಿಯಲ್ಲಿ ಇಬ್ಬರು ಮುಳುಗಿ ಸತ್ತರು. ದಂಡೆಯ ಮೇಲೆ ಜನರಿದ್ದರು. ಏನು ಮಾಡಬೇಕೆಂಬದು ಯಾರಿಗೂ ತಿಳಿದಿರಲಿಲ್ಲ. ಅದನ್ನು ಕಣ್ಣಾರೆ ಕಂಡ ಒಂಬತ್ತು ವರ್ಷದ ಜೂಲಿಯನ್ ವೈಸ್ ಎಂಬ ಹುಡುಗನು ಅದನ್ನು ಮರೆಯಲಿಲ್ಲ. ರೇಲ್ವೆಯಲ್ಲಿ ನೌಕರನಾದ ಮೇಲೆ ೧೯೨೮ರಲ್ಲಿ ಅವನು ತನ್ನ ಜೊತೆಯ ನೌಕರರನ್ನು ಕೂಡಿಸಿ ಪ್ರಾಣರಕ್ಷಣೆಯ ಸ್ವಯಂಸೇವಕ ಪಥಕವೊಂದನ್ನು ಕಟ್ಟಿದನು. ಆ ದೇಶದಲ್ಲಿ ಅದೇ ಮೊದಲನೆಯದೆಂದು ಎಣಿಸಲ್ಪಟ್ಟಿರುವದು.

ಈ ಸಂಗತಿಯನ್ನು ಓದಿದಾಗ ನಮಗೆ ರೋನೋಕ್ ನದಿಯು ಕಾಣಲಿಲ್ಲ. ನಮ್ಮ ಕಾಲುವೆಯು ಕಂಡಿತು.

ಆಲಮಟ್ಟಿಯ ಆಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಮೇಲೆ, ಬರದ ಸೀಮೆಯೆಂದೇ ಹೆಸರಾದ ಈ ನೆಲಕ್ಕೆ ಕೃಷ್ಣೆಯು ಮೆಲ್ಲಮೆಲ್ಲನೆ ಹತ್ತಿದಳು. ನಾರಾಯಣಪುರದ ಎಡದಂಡೆಯ ನೀರು, ಇಂಡಿಯ ಶಾಖಾ ಕಾಲುವೆಯ ನೀರು ಎಂದು ನಮ್ಮ ರೈತರ ಬಾಯಲ್ಲಿ ಹೊಸ ಮಾತುಗಳು ಬಂದವು. ಆದರೆ ತಲೆತಲಾಂತರದಿಂದ ನೀರು ಕಾಣದ ಜನರಿಗೆ ಹರಿಯುವ ನೀರಿನ ಸ್ವಭಾವವು ತಿಳಿಯದು. ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯ ಹುಡುಗನೊಬ್ಬನು, ಪಿ.ಯು. ಎರಡನೆಯ ವರ್ಷದವನು, ದೀಪಾವಳಿಯ ರಜೆಯಲ್ಲಿ ಗೆಳೆಯರೊಡನೆ ಕಾಲುವೆಗೆ ಈಸಲು ಹೋದನು. ನೀರು ಬಿಟ್ಟಿದ್ದ ಕಾಲ. ಸಿಮೆಂಟಿನ ಇಳಿಜಾರು ಗೋಡೆ, ಅದರ ಮೇಲೆ ಪಾಚಿ. ಇಳಿಯುವದು ಸುಲಭ, ಏರಲು ಹಿಡಿತ ಸಿಗದು. ಗೆಳೆಯರು ಅವನನ್ನು ಎಳೆದು ದಂಡೆಗೆ ಹಾಕಿದಾಗ ಐದು ನಿಮಿಷವೂ ಆಗಿರಲಿಲ್ಲವಂತೆ. ಮೂವತ್ತು ನಾಲ್ವತ್ತು ಜನರು ಕೂಡಿದರು. ಒಬ್ಬನು ಬೋರಲು ಮಲಗಿಸಿ ಬೆನ್ನು ಒತ್ತಿದನು. ಇನ್ನೊಬ್ಬನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿದನು. ಮತ್ತೊಬ್ಬನು ಅಂಗಾಲನ್ನು ತಿಕ್ಕಿದನು. ೧೦೮ರ ಗಾಡಿಯು ಅರ್ಧ ತಾಸಿನ ಒಳಗೇ ಬಂದಿತು. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನಾವು ಪರಸ್ಥಳದಿಂದ ಸಂಜೆಗೆ ಬಂದು ಬಸ್ಸು ಇಳಿದಾಗ, ಅವನ ತಾಯಿಯು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅಳುವದನ್ನೂ ಬಿಟ್ಟು ಬಂದವರಿಗೆಲ್ಲ ಒಂದೇ ಮಾತನ್ನು ಕೇಳುತ್ತಿದ್ದಳು: "ಅಷ್ಟ ಮಂದಿ ಇದ್ರಲ್ಲರೀ? ಅಷ್ಟ ಮಂದಿ ಇದ್ರಲ್ಲ?"

ಆ ಹುಡುಗನು ಉಳಿಯುತ್ತಿದ್ದನೆಂದು ಯಾರೂ ಹೇಳಲಾರರು. ಆದರೆ ಉಸಿರು ನಿಂತವನ ಮಿದುಳು ನಾಲ್ಕಾರು ನಿಮಿಷಗಳಲ್ಲಿ ಕೆಡಹತ್ತುವದು. ಆ ನಿಮಿಷಗಳಲ್ಲಿ ಮಾಡಬೇಕಾದದ್ದು ಹೊಟ್ಟೆಯ ನೀರನ್ನು ಕಕ್ಕಿಸುವದಲ್ಲ. ಅಂಗಾತ ಮಲಗಿಸಿ, ಗದ್ದವನ್ನು ಮೇಲೆತ್ತಿ ಶ್ವಾಸದ ದಾರಿಯನ್ನು ತೆರೆದು, ಬಾಯಿಗೆ ಬಾಯಿಟ್ಟು ಉಸಿರನ್ನು ಊದಬೇಕು. ಎದೆಯ ನಡುವಿನ ಎಲುಬಿನ ಮೇಲೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ರ ಲೆಕ್ಕದಲ್ಲಿ ಒತ್ತಬೇಕು. ೩೦ ಸಲ ಒತ್ತಿದ ಮೇಲೆ ೨ ಸಲ ಊದಬೇಕು. ಗಾಡಿ ಬರುವ ತನಕ ನಿಲ್ಲಿಸಬಾರದು. ಓದಲು ಇದು ಸುಲಭ. ಕೈಯಿಂದ ಮಾಡಿ ಅಭ್ಯಾಸವಿಲ್ಲದವನಿಗೆ ಆ ಗದ್ದಲದಲ್ಲಿ ಇದು ನೆನಪಿಗೆ ಬರುವದು ಅಸಾಧ್ಯವೆಂದೇ ಹೇಳಬೇಕು. ಆ ದಿನ ದಂಡೆಯ ಮೇಲಿದ್ದವರಲ್ಲಿ ಹತ್ತು ಹನ್ನೆರಡು ಜನರು ಕಾಲೇಜಿನಲ್ಲಿ ಓದುವವರೇ ಇದ್ದರು.

೧೦೮ರ ಸೇವೆಯನ್ನು ನಾವು ಹಳಿಯುತ್ತಿಲ್ಲ. ೨೦೦೫ರ ಆಗಸ್ಟ್ ೧೫ರಂದು ಹೈದರಾಬಾದಿನಲ್ಲಿ ಪ್ರಾರಂಭವಾದ ಆ ಏರ್ಪಾಡು ೨೦೦೮ರ ನವೆಂಬರ ೧ರಂದು ನಮ್ಮ ರಾಜ್ಯಕ್ಕೆ ಬಂದಿತು. ಅದರ ಗಾಡಿಯೊಳಗೆ ಹುಟ್ಟಿದ ಮಕ್ಕಳು ನಮ್ಮ ಬೀದಿಯಲ್ಲಿಯೇ ಆಡುತ್ತಿರುವರು. ಹಾಗಾದರೂ ಗಾಡಿಗೆ ಗಾಲಿಗಳುಂಟೇ ಹೊರತು ರೆಕ್ಕೆಗಳಿಲ್ಲ. ಗಾಡಿಯು ಬಂದು ಮುಟ್ಟುವ ವರೆಗಿನ ಕಾಲವು ಕೂಗಳತೆಯಲ್ಲಿ ಇದ್ದವರ ಪಾಲಿನದು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಕೂಗಳತೆಯಲ್ಲಿ ಇರುವವರು, ಓಡಬಲ್ಲವರು, ಹೇಳಿದ್ದನ್ನು ಬೇಗ ಕಲಿಯಬಲ್ಲವರು ಯಾರೆಂದು ಕೇಳಿದರೆ, ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆ ಪಾಸು ತೋರಿಸಿ ಬಸ್ಸನ್ನೇರುವ ಆ ಹುಡುಗ ಹುಡುಗಿಯರೇ ಅಲ್ಲವೆ? ಸಿಂದಗಿಯಲ್ಲಿ, ಇಂಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ಈಗ ಪದವಿ ಕಾಲೇಜುಗಳಿರುವವು. ಕಾಲೇಜಿಗೆ ಬರುವ ಹುಡುಗನು ಸಂಜೆಗೆ ಹಳ್ಳಿಗೆ ಹೋಗುವನು; ಅವನು ಕಲಿತದ್ದೂ ಅವನೊಡನೆ ಆ ಎರೆಮಣ್ಣಿನ ದಾರಿಯನ್ನು ದಾಟಿ ಹೋಗುವದು. ಪರದೇಶದ ಪಥಕಕ್ಕೆ ಇಲ್ಲದ ಈ ಲಾಭವು ನಮ್ಮ ಹುಡುಗರ ಪಥಕಕ್ಕೆ ಉಂಟು.

ಇದು ನಮ್ಮ ನಾಡಿಗೆ ಅಪರಿಚಿತವಾದ ವಿಚಾರವೂ ಅಲ್ಲ. ಅಮೇರಿಕೆಯಲ್ಲಿ ಓದಿ ಬಂದ ಡಾಕ್ಟರ ನಾ. ಸು. ಹರ್ಡೀಕರರು ೧೯೨೩ರಲ್ಲಿ ಸ್ಥಾಪಿಸಿದ ಹಿಂದುಸ್ತಾನೀ ಸೇವಾದಲವು ಹುಬ್ಬಳ್ಳಿಯಲ್ಲಿ ನೆಲೆಯೂರಿ ತರುಣರಿಗೆ ಶಿಸ್ತಿನ ಸೇವೆಯನ್ನು ಕಲಿಸಿತು. ೧೯೨೪ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ದುಡಿದ ಸ್ವಯಂಸೇವಕರ ಮಾತನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ೧೯೬೯ರಿಂದ ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯಿರುವದು. ಯುವ ರೆಡ್ ಕ್ರಾಸಿನ ಘಟಕಗಳಿರುವವು. ರಕ್ತದಾನವಾಗುವದು, ಸಸಿ ನೆಡುವದಾಗುವದು. ಒಳ್ಳೆಯ ಕೆಲಸಗಳೇ. ಆದರೆ ಸಸಿಗೆ ತಿಥಿ ವಾರ ನೋಡಿ ನೀರು ಹಾಕಬಹುದು. ಆಪತ್ತು ತಿಥಿಯನ್ನು ನೋಡಿ ಬರುವದಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ಮೊಮ್ಮಗಳು ವಿಜಯಪುರದ ವಸತಿಗೃಹವೊಂದರಲ್ಲಿದ್ದುಕೊಂಡು ಬಿ.ಎಸ್.ಸಿ. ಓದುತ್ತಿರುವಳು. ಕಳೆದ ವರ್ಷ ಅವಳ ಕಾಲೇಜಿಗೆ ವೈದ್ಯರೊಬ್ಬರು ಬಂದು, ರಬ್ಬರಿನ ಬೊಂಬೆಯ ಮೇಲೆ ಕೈಯಿಡಿಸಿ, ಎರಡು ದಿನ ಪ್ರಥಮೋಪಚಾರವನ್ನು ಕಲಿಸಿ ಹೋಗಿದ್ದರು. ಅದಾಗಿ ತಿಂಗಳೊಳಗೆ ಒಂದು ರಾತ್ರಿ ಪಕ್ಕದ ಖೋಲಿಯ ಹುಡುಗಿಗೆ ಫಿಟ್ಸ್ ಬಂದಿತು. ಇಂಥ ವೇಳೆಯಲ್ಲಿ ನಮ್ಮಲ್ಲಿ ನಡೆಯುವದು ವಾಚಕರಿಗೆ ಗೊತ್ತೇ ಇರುವದು: ಒಬ್ಬಳು ಕೈಯಲ್ಲಿ ಕೀಲಿಕೈಯನ್ನು ಹಿಡಿಸಲು ಹೋದಳು, ಒಬ್ಬಳು ಉಳ್ಳಾಗಡ್ಡಿಯನ್ನು ಒಡೆದು ತಂದಳು, ಇನ್ನೊಬ್ಬಳು ಹಲ್ಲಿನ ನಡುವೆ ಚಮಚವನ್ನು ತುರುಕಬೇಕೆಂದಳು. ನಮ್ಮ ಮೊಮ್ಮಗಳು ಅವರನ್ನೆಲ್ಲ ಹಿಂದಕ್ಕೆ ಸರಿಸಿ, ಬಳಿಯಲ್ಲಿದ್ದ ಕುರ್ಚಿಯನ್ನು ದೂರಕ್ಕೆ ತಳ್ಳಿ, ತಲೆಯ ಕೆಳಗೆ ತನ್ನ ಓಢಣಿಯನ್ನು ಮಡಿಸಿಟ್ಟು, ಗಡಿಯಾರವನ್ನು ನೋಡುತ್ತ ಕುಳಿತಳಂತೆ. ಐದು ನಿಮಿಷಕ್ಕೆ ಮೀರಿದರೆ ೧೦೮ಕ್ಕೆ ಕರೆ ಮಾಡಬೇಕೆಂದು ಒಬ್ಬಳನ್ನು ಫೋನು ಹಿಡಿಸಿ ನಿಲ್ಲಿಸಿದ್ದಳಂತೆ. ಎರಡೂವರೆ ನಿಮಿಷಕ್ಕೆ ನಡುಕವು ನಿಂತಿತು. ಆಮೇಲೆ ಅವಳನ್ನು ಮಗ್ಗುಲಿಗೆ ಹೊರಳಿಸಿ, ಎಚ್ಚರವಾಗುವ ವರೆಗೆ ಹೆಸರು ಹಿಡಿದು ಮಾತಾಡಿಸುತ್ತ ಇದ್ದಳು. ಮಾಡಿದ್ದು ಇಷ್ಟೇ. ಅಥವಾ, ಮಾಡಬಾರದ್ದನ್ನು ಯಾರಿಗೂ ಮಾಡಗೊಡದದ್ದೇ ಅವಳು ಮಾಡಿದ ಕೆಲಸವೆನ್ನಬೇಕು. ಮರುದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಲಾಗಿ, ಆ ಹುಡುಗಿಯು ಗುಳಿಗೆಗಳನ್ನು ಮುಚ್ಚಿಟ್ಟು ತೆಗೆದುಕೊಳ್ಳುತ್ತಿದ್ದಳೆಂದೂ, ಊರಲ್ಲಿ ತಿಳಿದರೆ ಲಗ್ನವಾಗದೆಂಬ ಭಯದಿಂದ ತಾಯಿಯು ಯಾರಿಗೂ ಹೇಳಬೇಡವೆಂದಿದ್ದಳೆಂದೂ ತಿಳಿಯಬಂದಿತು. ಗುಳಿಗೆಗಳು ತೀರಿ ನಾಲ್ಕು ದಿನವಾಗಿತ್ತು!

ಆ ರಾತ್ರಿಯ ಪರಿಣಾಮವಾಗಿ ಹನ್ನೊಂದು ಹುಡುಗಿಯರು ಒಂದಾದರು. ಅವರಿಗೆ ಗಾಡಿಯಿಲ್ಲ, ಸಮವಸ್ತ್ರವಿಲ್ಲ, ಹೆಸರನ್ನು ಕೂಡ ಇಟ್ಟುಕೊಂಡಿಲ್ಲ. ಒಂದು ಚೀಲ, ಬಾಗಿಲಿಗೆ ಅಂಟಿಸಿದ ಪಾಳಿಯ ಪಟ್ಟಿ, ಪಾಳಿಯಿದ್ದ ಇಬ್ಬರು ಫೋನಿನ ದನಿಯನ್ನು ಅಡಗಿಸದೆ ಮಲಗಬೇಕೆಂಬ ಕರಾರು. ಮೊಮ್ಮಗಳು ಈ ಸುದ್ದಿಯನ್ನು ಸಂತೋಷದಿಂದ ಮನೆಗೆ ತಿಳಿಸಿದಳು. ನಮ್ಮ ಮಗನು, ಅಂದರೆ ಅವಳ ತಂದೆಯು, ಊಟದ ತಾಟಿನ ಮುಂದೆ ಕುಳಿತವನು ತುತ್ತನ್ನು ಕೆಳಗಿಟ್ಟನು.

"ಓದಾಕ ಕಳಿಸೀವೋ, ಮಂದೀ ರಕ್ತಾ ತೊಳೆಯಾಕ ಕಳಿಸೀವೋ? ರಾತ್ರಿ ಅಂತ ಇಲ್ಲ, ಹಗಲ ಅಂತ ಇಲ್ಲ. ನಾಳೆ ಏನರ ಹೆಚ್ಚುಕಡಿಮಿ ಆತು, ಪೊಲೀಸರ ಮುಂದ ನಿಂದ್ರೂದು ಯಾರು? ಊರ ಉಸಾಬರಿ ನಮ್ಮ ಹುಡಿಗಿಗೇ ಯಾಕ ಬೇಕು?"

ನಾವು ಉತ್ತರಕ್ಕೆ ಮಾತುಗಳನ್ನು ಹುಡುಕುತ್ತಿದ್ದೆವು. ಅಷ್ಟರಲ್ಲಿ ರೊಟ್ಟಿ ಬಡಿಯುತ್ತಿದ್ದ ನಮ್ಮ ಮನೆಯವರು ಕೈ ನಿಲ್ಲಿಸದೆಯೇ, "ಹೌದಪ್ಪಾ, ಬ್ಯಾಡ ಬಿಡು. ಆದರ ಒಂದು ಮಾತ ಹೇಳು. ನಡುರಾತ್ರ್ಯಾಗ ನಿನ್ನ ಮಗಳೇ ಬಿದ್ಲಂತ ತಿಳಿ. ಆಕೀ ಅರಿವಿ ಸರಿ ಮಾಡಿ, ಎತ್ತಿ, ಮೈ ಮುಟ್ಟಿ ನೋಡಾಕ ಯಾರು ಬರಬೇಕಂತಿ? ಗೇಟಿನ ವಾಚಮನ್ನ ಕರೀಲೇನು?" ಎಂದರು. ಮಗನು ಬಹಳ ಹೊತ್ತು ಸುಮ್ಮನಿದ್ದನು. ಹೆಣ್ಣುಮಕ್ಕಳ ವಸತಿಗೃಹದಲ್ಲಿ ಈ ಕೆಲಸಕ್ಕೆ ಹೆಣ್ಣುಮಕ್ಕಳೇ ಮುಂದಾಗಬೇಕೆಂಬ ಈ ಸರಳವಾದ ಮಾತು ನಮಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯವು ೨೦೦೩ರಿಂದ ವಿಜಯಪುರದಲ್ಲಿಯೇ ಇರುವದು. ನಾಲ್ಕೂ ತಾಲೂಕುಗಳಿಂದ ಹೆಣ್ಣುಮಕ್ಕಳು ಆ ಪಟ್ಟಣಕ್ಕೆ ಓದಲು ಹೋಗುವರು. ಅವರೆಲ್ಲರ ತಾಯಂದಿರು ನಮ್ಮ ಮನೆಯವರ ಪ್ರಶ್ನೆಯನ್ನು ಒಮ್ಮೆ ತಮ್ಮ ಮನೆಗಳಲ್ಲಿ ಕೇಳಿ ನೋಡಬೇಕು.

ಮಗನ ಅಂಜಿಕೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಪೊಲೀಸರ ಭಯವಂತೂ ನಮ್ಮ ಸೀಮೆಯ ಜನರ ಎಲುಬಿನಲ್ಲಿ ಇಳಿದದ್ದು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ಹೊರಟ ಟ್ರಾಕ್ಟರದ ಟ್ರೇಲರಿಗೆ ರಾತ್ರಿ ಮೋಟಾರಸೈಕಲ್ಲು ಬಡಿದು ಹುಡುಗನೊಬ್ಬನು ರಸ್ತೆಯಲ್ಲಿ ಬಿದ್ದಿರುವನು, ಸುತ್ತಲೂ ಜನರು ಫೋನಿನ ದೀಪ ಹಿಡಿದು ನಿಂತಿರುವರು, ಯಾರೂ ಮುಟ್ಟರು. ಮುಟ್ಟಿದವನು ಸಾಕ್ಷಿಯಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುವದೆಂಬ ನಂಬಿಕೆ. ಈ ನಂಬಿಕೆಗೆ ಈಗ ಆಧಾರವಿಲ್ಲ. ೨೦೧೬ರಲ್ಲಿ ಸುಪ್ರೀಮ ಕೋರ್ಟು ಈ ವಿಷಯದ ನಿಯಮಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು. ಅದೇ ವರ್ಷ ನಮ್ಮ ವಿಧಾನಮಂಡಲವು ಪರೋಪಕಾರಿಯ ರಕ್ಷಣೆಗೆಂದೇ ಒಂದು ಕಾಯದೆಯನ್ನು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆಯು ೨೦೧೮ರಲ್ಲಿ ಬಂದಿತು. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನದ ಕಾಯದೆಯೂ ಅದೇ ಮಾತನ್ನು ಹೇಳುವದು. ಗಾಯಗೊಂಡವನನ್ನು ದವಾಖಾನೆಗೆ ಮುಟ್ಟಿಸಿದವನನ್ನು ತಡೆದು ನಿಲ್ಲಿಸುವ ಹಾಗಿಲ್ಲ, ಹೆಸರು ಹೇಳ ಹೋಗೆಂದು ಒತ್ತಾಯಿಸುವ ಹಾಗಿಲ್ಲ, ಅವನ ಮನಸ್ಸಿಲ್ಲದೆ ಸಾಕ್ಷಿಯನ್ನಾಗಿ ಮಾಡುವ ಹಾಗಿಲ್ಲ. ಈ ಮಾತನ್ನು ಮದುವೆಯ ಪತ್ರಿಕೆಯ ಹಾಗೆ ಮನೆಮನೆಗೆ ಹಂಚಬೇಕೆಂದು ನಮ್ಮ ಅಭಿಪ್ರಾಯವು.

ಇನ್ನೊಂದು ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಆಡರು. ಬಿದ್ದವನು ಯಾವ ಊರವನು, ಯಾರ ಪೈಕಿ ಎಂದು ಮೊದಲು ವಿಚಾರಿಸುವ ಚಾಳಿಯು ನಮ್ಮಲ್ಲಿರುವದು. ಬಾಯಿಗೆ ಬಾಯಿಡುವ ಮಾತಂತೂ ದೂರ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ತಾಲೂಕಿನಲ್ಲಿಯೂ ಇದನ್ನು ಬರೆಯಬೇಕಾಗಿ ಬಂದದ್ದು ನಾಚಿಕೆಯ ವಿಷಯವು. ಮೊಮ್ಮಗಳ ಹನ್ನೊಂದು ಜನರಲ್ಲಿ ಎಲ್ಲ ಓಣಿಗಳ ಮಕ್ಕಳೂ ಇರುವರೆಂದೂ, ಒಬ್ಬರ ಎದೆಯ ಮೇಲೊಬ್ಬರು ಕೈಯಿಟ್ಟು ಅಭ್ಯಾಸ ಮಾಡುವಾಗ (ಒತ್ತದೆ, ಬರಿಯ ಜಾಗವನ್ನು ಗುರುತಿಸಲು) ಮೊದಲೆರಡು ದಿನ ನಾಚಿಕೊಂಡು ಮೂರನೆಯ ದಿನ ನಕ್ಕರೆಂದೂ ಅವಳು ಹೇಳಿದಳು.

ಹಾವಿನ ವಿಷಯದಲ್ಲಿ ಮಾತ್ರ ನಾವು ಅವಳಿಗೆ ಪರೀಕ್ಷೆಯನ್ನಿಟ್ಟೆವು. ಏಕೆಂದರೆ ಅದು ನಮಗೆ ತಿಳಿದ ವಿಷಯವೆಂಬ ಅಭಿಮಾನವು. ತೊಗರಿಯ ಹೊಲದಲ್ಲಿ ಕೊಳಕುಮಂಡಲ ಕಚ್ಚಿದರೆ ಏನು ಮಾಡುವಿ ಎಂದು ಕೇಳಿದೆವು. ಹಗ್ಗದಿಂದ ಬಿಗಿಯಬಾರದು, ಬ್ಲೇಡಿನಿಂದ ಗೀರಬಾರದು, ಬಾಯಿಂದ ಹೀರಬಾರದು, ನಡೆಸಬಾರದು. ಕಚ್ಚಿದ ಕೈಕಾಲನ್ನು ಮುರಿದ ಎಲುಬಿನಂತೆ ಅಲುಗದ ಹಾಗೆ ಕಟ್ಟಿ, ಉಂಗುರ ಕಾಲ್ಗೆಜ್ಜೆಗಳನ್ನು ತೆಗೆದು, ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಸಿಗುವ ದವಾಖಾನೆಗೆ ನೆಟ್ಟಗೆ ಒಯ್ಯಬೇಕು. ಹಾವನ್ನು ಹಿಡಿಯಲು ಹೋಗಿ ಎರಡನೆಯವನು ಕಚ್ಚಿಸಿಕೊಳ್ಳಬಾರದು. ಉತ್ತರವು ಸರಿಯಾಗಿತ್ತು. ನಮ್ಮ ದೇಶದಲ್ಲಿ ಈ ಶತಮಾನದ ಮೊದಲ ಇಪ್ಪತ್ತು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಹಾವು ಕಚ್ಚಿ ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿರುವರು. ೨೦೨೪ರ ಫೆಬ್ರುವರಿಯಲ್ಲಿ ನಮ್ಮ ಸರಕಾರವು ಪ್ರತಿಯೊಂದು ಹಾವಿನ ಕಡಿತವನ್ನೂ ದವಾಖಾನೆಯವರು ಸರಕಾರಕ್ಕೆ ತಿಳಿಸಬೇಕೆಂದು ಕಟ್ಟಪ್ಪಣೆ ಮಾಡಿತು. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಕುಡಿದವರ ವಿಷಯದಲ್ಲಿಯೂ ಹಾಗೆಯೇ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಹಳೆಯ ಪದ್ಧತಿಯು ಅಪಾಯದ್ದು, ಮಗ್ಗುಲಾಗಿ ಮಲಗಿಸಿ, ಎಣ್ಣೆಯ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕಂತೆ. ಆ ಡಬ್ಬಿಯ ಮೇಲಿನ ಹೆಸರನ್ನು ನೋಡಿಯೇ ಡಾಕ್ಟರರು ಔಷಧವನ್ನು ನಿಶ್ಚಯಿಸುವರು.

ವಿದ್ಯಾರ್ಥಿಗಳ ಪಥಕಕ್ಕೆ ಬೇಕಾದ ಮೊದಲನೆಯ ವಿದ್ಯೆ ಮಾತ್ರ ಔಷಧದ್ದಲ್ಲ, ಜನರನ್ನು ಸರಿಸುವದು. ೨೦೨೪ರ ಏಪ್ರಿಲ್ ೩ರಂದು ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ಕೊಳವೆಬಾವಿಯಲ್ಲಿ ತಲೆಕೆಳಗಾಗಿ ಬಿದ್ದದ್ದನ್ನು ವಾಚಕರು ಮರೆತಿರಲಾರರು. ಸುಮಾರು ಇಪ್ಪತ್ತು ತಾಸುಗಳ ಕಾಲ ಯಂತ್ರಗಳಿಂದಲೂ ಕೈಗಳಿಂದಲೂ ಪಕ್ಕದಲ್ಲಿ ನೆಲವನ್ನಗೆದು, ಒಳಗೆ ಪ್ರಾಣವಾಯುವನ್ನು ಬಿಡುತ್ತ, ಮರುದಿನ ಮಗುವನ್ನು ಜೀವಂತವಾಗಿ ಮೇಲಕ್ಕೆ ತೆಗೆದರು. ನಾಡೆಲ್ಲ ಕೈಮುಗಿಯಿತು. ಅಲ್ಲಿ ಸೇರಿದ ಜನಸಾಗರದ ಕರ್ತವ್ಯವು ಒಂದೇ ಆಗಿತ್ತು: ದೂರ ನಿಲ್ಲುವದು. ನಿಂತ ಜನರಿಗೆ "ಹಿಂದ ಸರೀರಿ, ಗಾಳಿ ಬಿಡ್ರಿ, ದಾರಿ ಬಿಡ್ರಿ" ಎಂದು ಗಟ್ಟಿಯಾಗಿ, ಆದರೆ ಜಗಳವಾಗದಂತೆ ಹೇಳಬಲ್ಲ ಇಬ್ಬರು ಹುಡುಗರಿದ್ದರೆ ಗಾಡಿಯವರ ಅರ್ಧ ಕೆಲಸವು ಹಗುರಾಗುವದು. ಮುಖ್ಯರಸ್ತೆಗೆ ಹೋಗಿ ನಿಂತು ಗಾಡಿಗೆ ವಸ್ತಿಯ ದಾರಿಯನ್ನು ತೋರಿಸುವವನೊಬ್ಬನು ಬೇಕು. ಇದನ್ನು ಯಾವ ವೈದ್ಯಗ್ರಂಥವೂ ಹೇಳುವದಿಲ್ಲ, ಆದರೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಉಪಚಾರವಿಲ್ಲ.

ಕಾಲೇಜುಗಳನ್ನು ನಡೆಸುವ ಹಿರಿಯರಿಗೆ ನಮ್ಮ ವಿನಂತಿಯು ಒಂದುಂಟು. ಇದಕ್ಕೆ ಅಂಕಗಳನ್ನು ಕೊಡಬೇಡಿರಿ. ಅಂಕ ಕೊಟ್ಟರೆ ಅಂಕಕ್ಕೆಂದು ಬರುವವರು ಬರುವರು, ಪಾಳಿಯ ರಾತ್ರಿ ಫೋನನ್ನು ಮುಚ್ಚಿ ಮಲಗುವರು. ಪರೀಕ್ಷೆಯ ವಾರದಲ್ಲಿ ಅವರಿಗೆ ಪಾಳಿ ಬೇಡ. ಒಬ್ಬರನ್ನೇ ಎಂದೂ ಕಳಿಸಬಾರದು. ಗುಳಿಗೆ ಕೊಡುವ ಗೊಡವೆಗೆ ಅವರು ಹೋಗಲೇಬಾರದು. ಸಮೀಪದ ಒಬ್ಬ ವೈದ್ಯರು ತಿಂಗಳಿಗೊಮ್ಮೆ ಬಂದು, ಕಲಿತದ್ದು ಕೈಯಲ್ಲಿ ಉಳಿದಿರುವದೋ ಇಲ್ಲವೋ ಎಂಬದನ್ನು ನೋಡಬೇಕು. ಮತ್ತು ಕೆಟ್ಟದ್ದನ್ನು ಕಂಡು ಬಂದ ಹುಡುಗರೊಡನೆ ಯಾರಾದರೂ ಹಿರಿಯರು ಕುಳಿತು ಮಾತಾಡಬೇಕು. ಅಮೇರಿಕೆಯ ನಮ್ಮ ಹುಡುಗನು ಆ ಪ್ರಾಧ್ಯಾಪಕರು ಉಳಿಯಲಿಲ್ಲವೆಂಬದನ್ನು ನಮಗೆ ಹೇಳಲು ಎರಡು ದಿನ ತೆಗೆದುಕೊಂಡನು.

ನಮ್ಮ ಮಗನು ಒಪ್ಪಿದನೆಂದು ಬಾಯಿಂದ ಇನ್ನೂ ಹೇಳಿಲ್ಲ. ಆದರೆ ಹೋದ ತಿಂಗಳು ವಿಜಯಪುರಕ್ಕೆ ಹೋದವನು, ಕೇಳದಿದ್ದರೂ ಒಂದು ಒಳ್ಳೆಯ ಬ್ಯಾಟರಿಯನ್ನು ಕೊಂಡು ಮಗಳ ಕೈಯಲ್ಲಿ ಕೊಟ್ಟು ಬಂದನು. ಮೊನ್ನೆ ಮೊಮ್ಮಗಳು ಫೋನಿನಲ್ಲಿ, "ಅಜ್ಜಾ, ನಿನ್ನ ಹಳೇ ಧೋತರ ಅದಾವೇನು? ಮುಕ್ಕೋಣಿ ಪಟ್ಟಿ ಮಾಡಬೇಕಾಗೇದ" ಎಂದು ಕೇಳಿದಳು. ಒಂದು ಮೀಟರು ಚೌಕದ ಮೆತ್ತನೆಯ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಪಟ್ಟಿಗಳಾಗುವವು. ಮುರಿದ ಕೈಯನ್ನು ಕೊರಳಿಗೆ ತೂಗಹಾಕಲೂ, ಕಾಲಿಗೆ ಕಟ್ಟಿಗೆಯನ್ನು ಕಟ್ಟಲೂ ಅದಕ್ಕಿಂತ ಒಳ್ಳೆಯದಿಲ್ಲವಂತೆ. ಕಂಪನಿಯ ಬಟ್ಟೆಗಿಂತ ತೊಳೆದು ತೊಳೆದು ಸವೆದ ಧೋತರವೇ ಉತ್ತಮವೆಂದು ಕೇಳಿ ನಮಗೂ ಸ್ವಲ್ಪ ಅಭಿಮಾನವೆನಿಸಿತು. ನಮ್ಮ ಮನೆಯವರು ಟ್ರಂಕನ್ನು ತೆಗೆದು ಐದು ಧೋತರಗಳನ್ನು ಹೊರಗೆ ಹಾಕಿ, ಕುದಿಯುವ ನೀರಿನಲ್ಲಿ ಅದ್ದಿ, ಮಾಳಿಗೆಯ ಬಿಸಿಲಿಗೆ ಹರವಿದರು. ಅವುಗಳಲ್ಲಿ ಒಂದನ್ನು ನಾವು ಇನ್ನೂ ಉಡುತ್ತಿದ್ದೆವೆಂಬದನ್ನು ಹೇಳಿದರೂ ಕೇಳಲಿಲ್ಲ. ಕತ್ತರಿ ಹಿಡಿದು ಕುಳಿತ ಮೇಲೆ, "ಅಂಚು ಹೊಲೀಬೇಕೋ, ಹಂಗ ಬಿಡಬೇಕೋ, ಆಕೀನ್ನ ಕೇಳ್ರಿ" ಎಂದರು. ಹೊಲಿಯಬೇಕಂತೆ, ಇಲ್ಲದಿದ್ದರೆ ಎಳೆ ಬಿಟ್ಟು ಗಾಯಕ್ಕೆ ಹತ್ತುವದಂತೆ. ಈ ಮಾತುಗಳನ್ನು ನಾವು ಬರೆಯುತ್ತಿರುವಾಗ ಪಕ್ಕದ ಪಡಸಾಲೆಯಲ್ಲಿ ಹೊಲಿಗೆಯ ಯಂತ್ರವು ನಡೆದಿರುವದು. ಹದಿನಾರು ಪಟ್ಟಿಗಳು ಆಗಿರುವವು. ಎರಡನ್ನು ನಮ್ಮ ಮನೆಯ ಗೂಡಿನಲ್ಲಿ, ಅರಿಷಿಣದ ಡಬ್ಬಿಯ ಮಗ್ಗುಲಿಗೆ, ತೆಗೆದಿಟ್ಟಿರುವರು.